ವಿಜಯ ಕರ್ನಾಟಕ: ಒಡೆತನದ ಬದಲಾವಣೆ ಮತ್ತು ಸುದ್ದಿಮನೆಯ ಸಂಸ್ಕೃತಿ

‘ವಿಜಯ ಕರ್ನಾಟಕ’ ಪತ್ರಿಕೆಯ ಮಾರಾಟವು ಕನ್ನಡ ಪತ್ರಿಕೋದ್ಯಮದಲ್ಲಿ ಮಾಲೀಕತ್ವ ಕೈಬದಲಾದ ಪ್ರಮುಖ ನಿದರ್ಶನ. ಗದಗದ ಮುದ್ರಣೋದ್ಯಮಿ ಮನೆತನದ ವಿಜಯ ಸಂಕೇಶ್ವರ 1976ರಲ್ಲಿ ಒಂದೇ ಲಾರಿಯಿಂದ ಸಾಗಣೆ ವ್ಯವಹಾರ ಆರಂಭಿಸಿದರು. ಅದೇ ಮುಂದೆ ಸಾಗಣೆ ಸಂಸ್ಥೆ ವಿಆರ್‌ಎಲ್ ಆಯಿತು. 1999ರಲ್ಲಿ ಅವರು ಹೊರತಂದ ‘ವಿಜಯ ಕರ್ನಾಟಕ’ ಕಡಿಮೆ ಬೆಲೆ, ಹಲವು ಆವೃತ್ತಿ ಹಾಗೂ ಜಿಲ್ಲಾ ಸುದ್ದಿಯ ಬಲದಿಂದ ಕೆಲವೇ ವರ್ಷಗಳಲ್ಲಿ ಪ್ರಸಾರದಲ್ಲಿ ಮುಂಚೂಣಿಗೆ ಬಂತು. 2006ರಲ್ಲಿ ಟೈಮ್ಸ್ ಸಮೂಹ ಅದನ್ನು ಕೊಂಡಿತು.

ಪರಿಣಾಮಗಳು: ಪತ್ರಿಕೆಯ ಹೆಸರು ಬದಲಾಗಲಿಲ್ಲ. ಸಂಪಾದಕ ವಿಶ್ವೇಶ್ವರ ಭಟ್ 2010ರವರೆಗೆ ಮುಂದುವರಿದರು. ಸೋದರ ಪತ್ರಿಕೆಗಳ ಗತಿ ಬೇರೆಯಾಯಿತು: ಇಂಗ್ಲಿಷಿನ ‘ವಿಜಯ್ ಟೈಮ್ಸ್’ ನಿಂತು, 2007ರಲ್ಲಿ ಆ ಜಾಗಕ್ಕೆ ‘ಬೆಂಗಳೂರು ಮಿರರ್’ ಬಂತು, ಕನ್ನಡದ ‘ಉಷಾಕಿರಣ’ವೂ ನಿಂತುಹೋಯಿತು. ಸಂಕೇಶ್ವರರು 2012ರಲ್ಲಿ ‘ವಿಜಯವಾಣಿ’ ಆರಂಭಿಸಿ ಪತ್ರಿಕಾರಂಗಕ್ಕೆ ಮರಳಿದರು.

ಇಂಥ ಒಡೆತನ ಬದಲಾವಣೆಯ ಸಾಮಾನ್ಯ ಲಕ್ಷಣಗಳು: ಸ್ಥಾಪಕ ಮಾಲೀಕರ ಸಂಸ್ಥೆಯಲ್ಲಿ ನೌಕರ ನೇರವಾಗಿ ಧಣಿಯ ಕೋಣೆಗೆ ಹೋಗಿ ತೀರ್ಮಾನ ಪಡೆಯಬಲ್ಲ. ದೊಡ್ಡ ಸಮೂಹದಲ್ಲಿ ಅದೇ ಕೆಲಸಕ್ಕೆ ಬಜೆಟ್ ಮಂಜೂರಾತಿ, ಮಾನವ ಸಂಪನ್ಮೂಲ ವಿಭಾಗದ ಒಪ್ಪಿಗೆ ಬೇಕಾಗುತ್ತದೆ. ಇದರಿಂದ ನಿಯಮಗಳು ಸ್ಪಷ್ಟವಾಗುತ್ತವೆ, ಸಲುಗೆ ಕಡಿಮೆಯಾಗುತ್ತದೆ. ಪರಿಚಿತ ಮುಖ್ಯಸ್ಥರು ಉಳಿದರೆ, ಸಂಬಳ ಮತ್ತು ಹುದ್ದೆಯ ವಿಚಾರ ಮೊದಲೇ ತಿಳಿಸಿದರೆ ಸಿಬ್ಬಂದಿಯ ನಂಬಿಕೆ ಉಳಿಯುತ್ತದೆ.