ದಾಯಾದಿ ಎಂಬ ಬಂಧು

ಬಾಂಧವ್ಯವನ್ನು ಸೂಚಿಸುವ ಶಬ್ದಗಳು ನಮ್ಮ ನುಡಿಯಲ್ಲಿ ಹೇರಳವಾಗಿದ್ದರೂ, ಕಿವಿಗೆ ಬಿದ್ದೊಡನೆ ಹುಬ್ಬು ಗಂಟಿಕ್ಕುವಂತೆ ಮಾಡುವುದು ದಾಯಾದಿ ಎಂಬುದೊಂದೇ. ನೆಂಟನೆಂದರೆ ಹಬ್ಬದೂಟ ನೆನಪಾಗುತ್ತದೆ. ಬೀಗನೆಂದರೆ ಮದುವೆಯ ಉಪಚಾರ, ಅದರ ಬೆನ್ನಿಗೇ ಬರುವ ಮುನಿಸು. ದಾಯಾದಿಯೆಂದರೆ ಮಾತ್ರ ಬದುವಿನ ಕಲ್ಲು, ಮೋಜಿಣಿದಾರನ ಸರಪಳಿ, ಕೋರ್ಟಿನ ಮೆಟ್ಟಿಲು. ಭಾರತ ಪಾಕಿಸ್ತಾನಗಳು ಕ್ರಿಕೆಟ್ಟಿನಲ್ಲಿ ಎದುರಾದಾಗ ನಮ್ಮ ಪತ್ರಿಕೆಗಳು ಅದನ್ನು ದಾಯಾದಿಗಳ ಕದನವೆಂದೇ ಕರೆಯುತ್ತವೆ. ಅದರ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಶಬ್ದದ ಮೂಲದಲ್ಲಿ ಹಗೆಯ ಲೇಶವೂ ಇಲ್ಲ. ದಾಯವೆಂದರೆ ಪಿತ್ರಾರ್ಜಿತದ ಪಾಲು. ಅದನ್ನು ಸ್ವೀಕರಿಸುವವನು ದಾಯಾದ. ಹಳಗನ್ನಡದಲ್ಲಿ ಅವನೇ ದಾಯಿಗ. ಪಗಡೆಯಲ್ಲಿ ಬೀಳುವ ಗರಕ್ಕೂ ನಮ್ಮಲ್ಲಿ ದಾಯವೆಂಬ ಹೆಸರುಂಟು. ಭಾರತದ ಕಥೆಯ ದಾಯಿಗರು ಒಂದು ದಾಯವನ್ನು ಇನ್ನೊಂದು ದಾಯದ ಮೇಲೆ ಒಡ್ಡಿ ಸೋತರೆಂಬುದು ಕಾಕತಾಳೀಯವೇ ಆದರೂ ಮರೆಯುವಂತಹುದಲ್ಲ.

ಈ ಶಬ್ದಕ್ಕೆ ಶಾಸ್ತ್ರದ ಚೌಕಟ್ಟನ್ನು ಕಟ್ಟಿಕೊಟ್ಟ ಗ್ರಂಥಗಳಲ್ಲಿ ಅಗ್ರಗಣ್ಯವಾದುದು ನಮ್ಮ ನೆಲದಲ್ಲಿಯೇ ಹುಟ್ಟಿತು. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬಸವಕಲ್ಯಾಣವೆನಿಸಿಕೊಂಡಿರುವ ಕಲ್ಯಾಣಪಟ್ಟಣದಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಒಡೆಯನೊಡನಿರುವ ಸಂಬಂಧವೊಂದರ ಬಲದಿಂದಲೇ ಮತ್ತೊಬ್ಬನದಾಗುವ ಸ್ವತ್ತು ದಾಯವೆಂದನು. ಮಗನಿಗೂ ಮೊಮ್ಮಗನಿಗೂ ಅದು ಜನ್ಮದಿಂದಲೇ ಪ್ರಾಪ್ತವೆಂದನು. ಬಂಗಾಳದ ಜೀಮೂತವಾಹನನ ದಾಯಭಾಗವು ತಂದೆಯ ಮರಣದವರೆಗೆ ಕಾಯಿಸುವ ಹಕ್ಕನ್ನು ಕಲ್ಯಾಣದ ಪಂಡಿತನು ತೊಟ್ಟಿಲಿನಲ್ಲಿಯೇ ಕೊಟ್ಟನು. ಸಪಿಂಡರೆಂದರೆ ಶ್ರಾದ್ಧದ ಪಿಂಡದಿಂದ ಕೂಡಿದವರಲ್ಲ, ಒಂದೇ ದೇಹದ ಅಂಶಗಳನ್ನು ಹೊತ್ತವರು ಎಂಬ ಅರ್ಥವನ್ನು ಪ್ರತಿಪಾದಿಸಿದವನೂ ಅವನೇ. ಒಂದೇ ಮೈಯ ತುಣುಕುಗಳಾದವರು ಒಂದೇ ನೆಲಕ್ಕೆ ಹಕ್ಕುದಾರರಾದರು. ಮನೆಯಲ್ಲಿ ಗಂಡುಕೂಸು ಹುಟ್ಟಿದ ದಿನವೇ ಉಳಿದವರ ಪಾಲು ಒಂದಿಷ್ಟು ಸವೆಯಿತು. ದಾಯಾದಿ ಮತ್ಸರಕ್ಕೆ ಮನುಷ್ಯಸ್ವಭಾವವನ್ನು ದೂರುವವರು ಈ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಬೇಕು.

ಹಳೆಯ ಕ್ರಯಪತ್ರಗಳಲ್ಲಿಯೂ ಶಾಸನಗಳಲ್ಲಿಯೂ ಭೂಮಿಯನ್ನು ಮಾರುವವನು ಸ್ತ್ರೀ, ಪುತ್ರ, ಜ್ಞಾತಿ, ಸಾಮಂತ, ದಾಯಾದರ ಅನುಮತಿಯಿಂದ ಮಾರುತ್ತಿರುವೆನೆಂದು ಹೇಳಿಕೊಳ್ಳುತ್ತಾನೆ. ಅಲ್ಲಿ ದಾಯಾದನು ಒಪ್ಪಿಗೆ ಕೊಡುವವನು, ಸಾಕ್ಷಿಯಂತಿರುವವನು, ವೈರಿಯಲ್ಲ. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಕಥೆಯೇ ಬೇರೆ: ಅಲ್ಲಿ ಸ್ವತ್ತು ಹೆಣ್ಣಿನ ಸಂತತಿಯಲ್ಲಿ ಹರಿದು ಕವರು ಕವರಾಗಿ ಒಡೆಯುತ್ತಿತ್ತು.

ಹಂಚಿಕೊಳ್ಳುವುದು ಸ್ವತ್ತನ್ನಷ್ಟೇ ಅಲ್ಲ, ಸೂತಕವನ್ನೂ. ಬ್ರಾಹ್ಮಣರ ಮನೆಗಳಲ್ಲಿ ಹತ್ತು ದಿನದವರು, ಮೂರು ದಿನದವರು ಎಂದು ಜ್ಞಾತಿಗಳನ್ನು ಎಣಿಸುವ ವಾಡಿಕೆ ಇನ್ನೂ ಉಂಟು. ಮುಖ ನೋಡದೆ ಇಪ್ಪತ್ತು ವರ್ಷ ಕಳೆದವನೂ ಸಾವಿನ ಸುದ್ದಿ ಮುಟ್ಟಿದೊಡನೆ ತಲೆಗೆ ನೀರು ಹುಯ್ದುಕೊಳ್ಳುತ್ತಾನೆ. ನಮ್ಮ ಊರಿನ ತೊಟ್ಟಿಯ ಮನೆಯೊಂದರಲ್ಲಿ, ಪಾಲುಪಾರೀಕತ್ತಾದ ಮೇಲೆ ಅಂಗಳದ ನಡುವೆ ಎಬ್ಬಿಸಿದ ಗೋಡೆ ನೆಟ್ಟಗೆ ಬಂದು ಬಾವಿಯ ಕಟ್ಟೆಯ ಮೇಲೆ ಹತ್ತಿ, ಆಚೆ ಇಳಿದಿತ್ತು. ಬಾವಿ ಒಂದು, ರಾಟೆ ಎರಡು. ಬೆಳಗಿನ ಜಾವದಲ್ಲಿ ಈ ಕಡೆಯ ಕೊಡ ಮುಳುಗುವ ಸದ್ದು ಕೇಳಿದರೆ ಆ ಕಡೆಯವರು ಹಗ್ಗವನ್ನು ತಡೆದು ನಿಲ್ಲಿಸುತ್ತಿದ್ದರು. ಕೊಡಗಳು ತಾಗಿದರೆ ಮಾತನಾಡಬೇಕಾಗುತ್ತಿತ್ತಷ್ಟೆ. ಆದರೂ ಒಂದು ಮನೆಯಲ್ಲಿ ಸಾವಾದಾಗ ಎರಡು ಮನೆಯ ದೇವರಿಗೂ ಪೂಜೆ ನಿಲ್ಲುತ್ತಿತ್ತು.

ಈ ಶಬ್ದ ತಲೆತಲಾಂತರದಿಂದ ಗಂಡಸರಿಗೇ ಮೀಸಲಾಗಿತ್ತು. ಅಕ್ಕತಂಗಿಯರನ್ನು ಯಾರೂ ದಾಯಾದಿಯೆಂದವರಲ್ಲ. ಅವರು ಮನೆಮಗಳು, ಗೌರಿಹಬ್ಬದ ಬಾಗಿನಕ್ಕೆ ಬರುವವರು. 1994ರಲ್ಲಿ ಕರ್ನಾಟಕದ ತಿದ್ದುಪಡಿಯೂ 2005ರಲ್ಲಿ ಇಡೀ ದೇಶದ ಕಾನೂನೂ ಮಗಳಿಗೆ ಮಗನ ಸಮಾನವಾದ ಜನ್ಮಸಿದ್ಧ ಹಕ್ಕನ್ನು ಕೊಟ್ಟ ಮೇಲೆ, ನೋಂದಣಿ ಕಚೇರಿಗಳ ಮುಂದೆ ಹಣ್ಣು, ರವಿಕೆ ಕಣಗಳೊಡನೆ ತಂಗಿಯರ ರುಜುವಿಗಾಗಿ ಕಾಯುವ ಅಣ್ಣಂದಿರನ್ನು ಕಾಣತೊಡಗಿದೆವು. ಅಂಥದೊಂದು ಕಚೇರಿಯ ಜಗಲಿಯಲ್ಲಿ, ಕಾಗದವನ್ನು ಓದಿಸಿ ಕೇಳಿದ ಮೇಲೆ ಹೆಬ್ಬೆಟ್ಟೊತ್ತಲು ಒಪ್ಪದ ಹೆಂಗಸೊಬ್ಬಳಿಗೆ ಅವಳ ತಮ್ಮನು ನೊಂದ ಧ್ವನಿಯಲ್ಲಿ, “ಅಕ್ಕಾ, ಕಡೆಗೆ ನೀನೂ ದಾಯಾದಿ ಆಗ್ಬಿಟ್ಟೆಯಲ್ಲ” ಎಂದನು.

“ಹುಟ್ಟಿದಾಗಿಂದ ಆಗಿದ್ದೆ ಕಣೋ, ಈಗ ಗೊತ್ತಾಯ್ತು” ಎಂದು ಆಕೆ ಹಣ್ಣಿನ ಚೀಲವನ್ನು ಅವನ ಕೈಗೇ ಕೊಟ್ಟು ಬಸ್ಸಿನ ಕಡೆಗೆ ನಡೆದಳು.