ಪರವೂರಿನ ಮತಯಂತ್ರ

ಮತವೆಂಬುದು ಪ್ರಜೆಯ ಮನೋಗತವು. ಅದನ್ನು ಕಾಗದದ ಮೇಲೆ ಮೊಹರೊತ್ತಿ ಸೂಚಿಸಿದರೂ, ಯಂತ್ರದ ಗುಂಡಿಯನ್ನು ಅದುಮಿ ಸೂಚಿಸಿದರೂ, ಆ ಮನೋಗತವು ಯಥಾವತ್ತಾಗಿ ಗಣನೆಗೆ ಬರಬೇಕೆಂಬುದೇ ಚುನಾವಣಾ ನಿಯಮಗಳ ಪರಮ ಪ್ರಯೋಜನವು. ಸಾಧನವು ಎಷ್ಟೇ ನಿರ್ದುಷ್ಟವಾಗಿದ್ದರೂ ಅದಕ್ಕೆ ವಿಧಿಯ ಆಧಾರವಿಲ್ಲದಿದ್ದರೆ ಅದರ ಫಲವು ನಿಲ್ಲದು. ಈ ಮಾತಿಗೆ ಕೇರಳದ ಪರವೂರು ಕ್ಷೇತ್ರದ ವೃತ್ತಾಂತವು ಉತ್ತಮ ನಿದರ್ಶನವಾಗಿದೆ.

ಮೊದಲು ಕಾಗದದ ಕಾಲವನ್ನು ಸ್ಮರಿಸೋಣ. ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಈ ಲೇಖಕನೂ ಎಣಿಕೆಯ ಮೇಜಿನ ಮುಂದೆ ಕುಳಿತಿದ್ದುಂಟು. ಎರಡು ಚಿಹ್ನೆಗಳ ನಡುವಣ ಗೆರೆಯ ಮೇಲೆಯೇ ಮೊಹರು ಬಿದ್ದ ಚೀಟಿಯೊಂದು ಬಂದರೆ ಸಾಕು, ಉಭಯ ಪಕ್ಷದ ಏಜೆಂಟರೂ ಎದ್ದು ನಿಲ್ಲುತ್ತಿದ್ದರು. ಇಂತಹ ವಿವಾದಗಳಿಗೆ ೧೯೬೧ನೆಯ ಇಸವಿಯ ಚುನಾವಣಾ ನಿರ್ವಹಣಾ ನಿಯಮಗಳಲ್ಲಿ ೫೬ನೆಯದು ಪರಿಹಾರವನ್ನು ಹೇಳುತ್ತದೆ. ಮತವು ಯಾರಿಗೆಂಬುದು ಸಂದಿಗ್ಧವಾಗಿದ್ದರೆ ಆ ಚೀಟಿಯು ತಿರಸ್ಕೃತವು. ಆದರೆ ಗುರುತು ಅಸ್ಪಷ್ಟವಾಗಿದೆಯೆಂದಾಗಲಿ, ಎರಡು ಸಲ ಬಿದ್ದಿದೆಯೆಂದಾಗಲಿ, ಅಷ್ಟರಿಂದಲೇ ಅದನ್ನು ತಳ್ಳಿಹಾಕಲಾಗದು. ಮತದಾರನ ಅಭಿಪ್ರಾಯವು ಸ್ಪಷ್ಟವಾಗಿ ತೋರಿದರೆ ಅದು ಗ್ರಾಹ್ಯವು. ಅಕ್ಷರಕ್ಕಿಂತ ತಾತ್ಪರ್ಯವು ಬಲವತ್ತರವೆಂಬ ಮೀಮಾಂಸಕರ ಮಾರ್ಗವೇ ಇಲ್ಲಿ ಕಾಣುವುದಲ್ಲವೆ?

ಯಂತ್ರವು ಬಂದರೆ ಈ ಜಗಳಗಳು ನಿಲ್ಲುವುವೆಂಬ ಆಶೆಯಿಂದ ಚುನಾವಣಾ ಆಯೋಗವು ೧೯೮೨ನೆಯ ಇಸವಿ ಮೇ ತಿಂಗಳಿನ ಕೇರಳ ವಿಧಾನಸಭಾ ಚುನಾವಣೆಯಲ್ಲಿ, ಪರವೂರಿನ ೮೪ ಮತಗಟ್ಟೆಗಳ ಪೈಕಿ ೫೦ರಲ್ಲಿ ಮತಯಂತ್ರವನ್ನು ಪ್ರಯೋಗಿಸಿತು. ಕಮ್ಯೂನಿಸ್ಟ್ ಅಭ್ಯರ್ಥಿ ಶಿವನ್ ಪಿಳ್ಳೆಯವರು ಚುನಾವಣೆಗೆ ಮುನ್ನವೇ ಯಂತ್ರವನ್ನು ಆಕ್ಷೇಪಿಸಿ ಉಚ್ಚ ನ್ಯಾಯಾಲಯಕ್ಕೆ ಹೋಗಿದ್ದರು. ಅಲ್ಲಿ ತಡೆಯು ದೊರೆಯಲಿಲ್ಲ. ವಿಧಿವಿಲಾಸವೆಂತಹುದು! ಆಕ್ಷೇಪಿಸಿದವರೇ ೧೨೩ ಮತಗಳಿಂದ ಗೆದ್ದರು. ಸೋತ ಎ. ಸಿ. ಜೋಸ್ ಅವರು ಅದೇ ಆಕ್ಷೇಪವನ್ನೆತ್ತಿ ಮೊಕದ್ದಮೆ ಹೂಡಿದರು. ಉಚ್ಚ ನ್ಯಾಯಾಲಯದಲ್ಲಿ ಸೋತು ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು.

ಸಂವಿಧಾನದ ೩೨೪ನೆಯ ವಿಧಿಯೇ ತನಗೆ ಅಧಿಕಾರವನ್ನಿತ್ತಿದೆಯೆಂದು ಆಯೋಗವು ವಾದಿಸಿತು. ನ್ಯಾಯಾಲಯವು ೧೯೮೪ನೆಯ ಇಸವಿ ಮಾರ್ಚ್ ೫ರಂದು ಈ ವಾದವನ್ನು ನಿರಾಕರಿಸಿತು. ಶಾಸನವೂ ನಿಯಮಗಳೂ ಮತಪತ್ರವನ್ನೂ ಪೆಟ್ಟಿಗೆಯನ್ನೂ ವಿಧಿಸಿರುವಲ್ಲಿ, ಆಯೋಗವು ಅವನ್ನು ಮೀರಿ ಬೇರೊಂದು ಕ್ರಮವನ್ನು ತರಲಾಗದೆಂಬುದೇ ತೀರ್ಪಿನ ಸಾರವು. ಯಂತ್ರದ ದೋಷವಲ್ಲ, ಶಾಸನದ ಅಭಾವವೇ ಇಲ್ಲಿ ನಿರ್ಣಾಯಕವಾಯಿತು. ಆ ೫೦ ಮತಗಟ್ಟೆಗಳಲ್ಲಿ ಕಾಗದದಿಂದಲೇ ಮರುಮತದಾನವಾಗಿ, ಜೋಸ್ ಅವರು ಗೆದ್ದರು.

ಅನಂತರ ಪಾರ್ಲಿಮೆಂಟು ೧೯೫೧ನೆಯ ಇಸವಿಯ ಪ್ರಜಾಪ್ರಾತಿನಿಧ್ಯ ಶಾಸನಕ್ಕೆ ೬೧-ಎ ಎಂಬ ಕಲಮನ್ನು ಸೇರಿಸಿತು. ಅದು ೧೯೮೯ನೆಯ ಇಸವಿ ಮಾರ್ಚ್ ೧೫ರಿಂದ ಜಾರಿಗೆ ಬಂದಿತು. ೧೯೯೨ರಲ್ಲಿ ತಕ್ಕ ನಿಯಮಗಳಾದುವು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೂ ಹೈದರಾಬಾದಿನ ಕಾರ್ಖಾನೆಯಲ್ಲಿಯೂ ತಯಾರಾದ ಯಂತ್ರಗಳು ೨೦೦೪ರಲ್ಲಿ ಲೋಕಸಭೆಯ ೫೪೩ ಕ್ಷೇತ್ರಗಳನ್ನೂ ವ್ಯಾಪಿಸಿದುವು.

ಆದರೂ ಕಾಗದವು ಅಳಿಯಲಿಲ್ಲ. ಮತದಾರನು ಕಣ್ಣಾರೆ ನೋಡುವಂತಹ ಚೀಟಿಯು ೨೦೧೩ರಲ್ಲಿ ಯಂತ್ರದ ಜೊತೆಗೂಡಿತು. ಅಭ್ಯರ್ಥಿಯ ಕೋರಿಕೆಯ ಮೇರೆಗೆ ಚೀಟಿಗಳ ಎಣಿಕೆಯಾಗಿ, ಯಂತ್ರದ ಲೆಕ್ಕಕ್ಕೂ ಅವಕ್ಕೂ ವ್ಯತ್ಯಾಸವು ಕಂಡರೆ, ೫೬-ಡಿ ನಿಯಮದಂತೆ ಚೀಟಿಯ ಲೆಕ್ಕವೇ ಪ್ರಮಾಣವು. ಮತದಾರನು ತಾನೇ ಕಂಡುದಕ್ಕೆ ಅಗ್ರಸ್ಥಾನವು ದೊರೆತಿರುವುದು ಸಮಂಜಸವೇ ಸರಿ.

ಪರವೂರಿನ ಮತದಾರರದು ಯಾವ ಅಪರಾಧವೂ ಇರಲಿಲ್ಲ, ಗೆದ್ದವರದೂ ಇರಲಿಲ್ಲ. ವಿಧಿಯ ಒಂದು ಪಂಕ್ತಿಯ ಕೊರತೆಯಿಂದ ಆ ೫೦ ಮತಗಟ್ಟೆಗಳ ಜನರು ಎರಡು ವರ್ಷಗಳ ಮೇಲೆ ಮತ್ತೊಮ್ಮೆ ಸಾಲುಗಟ್ಟಿ ನಿಲ್ಲಬೇಕಾಯಿತು. ವಿಧಿಯು ಮುಂದೆ ನಡೆಯಲಿ, ಯಂತ್ರವು ಅದರ ಹಿಂದೆ ಬರಲಿ, ಎಂಬುದೇ ಅವರ ಶ್ರಮದಿಂದ ನಾವು ಕಲಿಯತಕ್ಕ ಪಾಠವು.