ಬೆಳಗಾವಿಯ ಪಲ್ಟನ್ನು ಮತ್ತು ದೂರದ ರಣಭೂಮಿಗಳು

ಗಡಹಿಂಗ್ಲಜದಿಂದ ಸಂಕೇಶ್ವರದ ಮಾರ್ಗವಾಗಿ ಬೆಳಗಾವಿಗೆ ಹೋಗಿಬರುವ ನಮಗೆ ಅಲ್ಲಿನ ಮರಾಠಾ ಲಘು ಪದಾತಿ ದಳದ ಕೇಂದ್ರ ಹೊಸದಲ್ಲ. ಸೈನ್ಯ ಭರ್ತಿಯ ದಿನ ಸಾಲುಗಟ್ಟಿ ನಿಲ್ಲುವ ತರುಣರು, ರಜೆಯಲ್ಲಿ ಟ್ರಂಕು ಹೊತ್ತು ಊರಿಗೆ ಬರುವ ಜವಾನರು ನಮ್ಮ ಕಣ್ಣಿಗೆ ಒಗ್ಗಿದ ನೋಟ. ಶಿರೋಳ ತಾಲೂಕಿನ ಟಾಕಳಿ ಎಂಬ ಹಳ್ಳಿಗೆ ‘ಸೈನಿಕ ಟಾಕಳಿ’ ಎಂಬ ಹೆಸರೇ ನಿಂತಿದೆ. ಆದರೆ ಆ ಪಡೆ ಎಲ್ಲೆಲ್ಲಿ ಕಾದಿತು, ಯಾರಿಗಾಗಿ ಕಾದಿತು ಎಂಬುದನ್ನು ನಮ್ಮ ಮಕ್ಕಳು ಅರಿಯರು.

ಈ ಪಡೆಯ ಮೂಲ 1768ರಷ್ಟು ಹಿಂದಿನದು. ಮೊದಲ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್ನುಗಳು ಮೆಸೊಪೊಟೇಮಿಯದ ಕುತ್ ಪಟ್ಟಣದ ಮುತ್ತಿಗೆಯಲ್ಲಿ ಹಸಿವಿನಿಂದ ಬಳಲಿ, 1916ರ ಏಪ್ರಿಲ್ 29ರಂದು ಇತರ ಸೈನ್ಯದೊಡನೆ ಶರಣಾಗಬೇಕಾಯಿತು. 1922ರ ಪುನಾರಚನೆಯಲ್ಲಿ ಪಲ್ಟನ್ನುಗಳು ಒಂದೇ ರೆಜಿಮೆಂಟಾಗಿ, ಬೆಳಗಾವಿ ಅದರ ಮನೆಯಾಯಿತು.

ಎರಡನೆಯ ಮಹಾಯುದ್ಧ ಇನ್ನೂ ಕಠಿನವಾಗಿತ್ತು. 1941ರ ಮಾರ್ಚಿನಲ್ಲಿ ಮೂರನೆಯ ಪಲ್ಟನ್ನು ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಕಾದಿತು. ಲಿಬಿಯಾದ ತೊಬ್ರುಕ್ ಕೋಟೆಯನ್ನು 1941ರಲ್ಲಿ ಆಸ್ಟ್ರೇಲಿಯದ ಪದಾತಿಗಳು ತಿಂಗಳುಗಟ್ಟಲೆ ಕಾಪಾಡಿದ್ದರು. ಮರುವರ್ಷ ಜೂನ್ 20ರಂದು ಅದೇ ಕೋಟೆಯ ಆಗ್ನೇಯ ಅಂಚಿನಲ್ಲಿ ಜರ್ಮನ್ ಟ್ಯಾಂಕುಗಳ ಮೊದಲ ಪೆಟ್ಟು ಬಿದ್ದದ್ದು ನಮ್ಮ ಎರಡನೆಯ ಪಲ್ಟನ್ನಿನ ಮೇಲೆ. ಮರುದಿನ ಕೋಟೆ ಬಿತ್ತು. ಬದುಕುಳಿದವರಲ್ಲಿ ಬಹುಮಂದಿ ಸೆರೆಯಾದರು.

1944ರ ಜುಲೈ 10ರಂದು ಇಟಲಿಯ ತೈಬರ್ ಕಣಿವೆಯಲ್ಲಿ ನಾಯಕ ಯಶವಂತ ಘಾಡಗೆ ಅವರ ತುಕಡಿಯವರೆಲ್ಲ ಹತರಾದರು ಇಲ್ಲವೆ ಗಾಯಗೊಂಡರು. ಘಾಡಗೆ ಒಬ್ಬರೇ ನುಗ್ಗಿ ಶತ್ರುವಿನ ಮಷಿನ್‌ಗನ್ ಠಾಣ್ಯವನ್ನು ಅಡಗಿಸಿ, ಕೊನೆಗೆ ಗುಂಡಿಗೆ ಬಲಿಯಾದರು. ವಯಸ್ಸು ಇಪ್ಪತ್ತೆರಡು. ವಿಕ್ಟೋರಿಯಾ ಕ್ರಾಸ್ ಪದಕವನ್ನು ಸ್ವೀಕರಿಸಿದವರು ಅವರ ಪತ್ನಿ. 1945ರ ಏಪ್ರಿಲ್ 9ರಂದು ಸೆನಿಯೊ ನದಿಯಲ್ಲಿ ಸಿಪಾಯಿ ನಾಮದೇವ ಜಾಧವ ಇಬ್ಬರು ಗಾಯಾಳುಗಳನ್ನು ಒಬ್ಬೊಬ್ಬರಾಗಿ ಹೊತ್ತು ದಾಟಿಸಿ, ಬಳಿಕ ಮೂರು ಮಷಿನ್‌ಗನ್ ಠಾಣ್ಯಗಳನ್ನು ಅಡಗಿಸಿದರು. ಅವರಿಗೂ ಅದೇ ಪದಕ ದೊರೆಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 1942ರಲ್ಲಿ ಇದೇ ನಾಡಿನ ಯುವಕರು ‘ಚಲೇಜಾವ್’ ಎಂದು ಸೆರೆಮನೆಗೆ ನಡೆದರು. ಅವರದೇ ವಯಸ್ಸಿನವರು ಅದೇ ಬ್ರಿಟಿಷರ ಸಮವಸ್ತ್ರ ತೊಟ್ಟು ಮರುಭೂಮಿಯಲ್ಲಿ ಮಡಿದರು. ಒಬ್ಬರನ್ನು ನೆನೆದು ಇನ್ನೊಬ್ಬರನ್ನು ಮರೆಯುವುದು ನ್ಯಾಯವೆ? ಮಳೆ ನಂಬಿದ ತುಂಡು ಹೊಲ, ತೀರದ ಸಾಲ, ಮನೆಗೆ ತಪ್ಪದೆ ಬರುವ ಮನಿಆರ್ಡರು – ಇವೂ ಅನೇಕರನ್ನು ಪಲ್ಟನ್ನಿಗೆ ಕರೆದೊಯ್ದವು. ಅವರ ಶೌರ್ಯವನ್ನು ಗೌರವಿಸಲು ಸಾಮ್ರಾಜ್ಯವನ್ನು ಹೊಗಳಬೇಕಾಗಿಲ್ಲ.

ಸ್ವಾತಂತ್ರ್ಯದ ತರುವಾಯ ಕೊಲ್ಹಾಪುರ ಸಂಸ್ಥಾನದ ರಾಜಾರಾಮ್ ರೈಫಲ್ಸ್ ಕೂಡ ಇದೇ ರೆಜಿಮೆಂಟಿನಲ್ಲಿ ವಿಲೀನವಾಯಿತು. ಪದಕ ಪಡೆದವರ ಹೆಸರು ಇತಿಹಾಸದಲ್ಲಿ ಉಳಿದಿದೆ. ಪದಕವಿಲ್ಲದವರ ಹೆಸರು ಮನೆಯ ಹಳೆಯ ಪೆಟ್ಟಿಗೆಯಲ್ಲಿದೆ. ನಮ್ಮ ಶಾಲೆಯ ಮಕ್ಕಳಿಗೆ ಈ ಶತಮಾನೋತ್ಸವ ವರ್ಷದ ಮನೆಗೆಲಸವೊಂದಿದೆ: ಅಜ್ಜ ಮುತ್ತಜ್ಜಂದಿರಲ್ಲಿ ಯಾರು ಸೈನ್ಯದಲ್ಲಿದ್ದರು, ಯಾವ ಪಲ್ಟನ್ನಿನಲ್ಲಿದ್ದರು, ಯಾವ ದೇಶ ಕಂಡರು ಎಂದು ಮನೆಯ ಹಿರಿಯರನ್ನು ಕೇಳಿ ಕನ್ನಡದಲ್ಲಿ ಬರೆದು ತರುವುದು. ಪಾಲಕರು ಆ ಪೆಟ್ಟಿಗೆಯನ್ನು ಒಮ್ಮೆ ತೆರೆದು ತೋರಿಸಬೇಕೆಂದು ವಿನಂತಿ. ಹೇಳಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.